ಮೈದಾನ ಕಸಿದರೂ ಆಟ ಬಿಡದ ಲಿಲಿ ಪಾರ್

ಫುಟ್‌ಬಾಲ್ ಕ್ಲಬ್‌ಗಳು ಮಹಿಳಾ ತಂಡಗಳಿಗೆ ಯಾಕೆ ಅಷ್ಟು ಕಡಿಮೆ ಹಣ ಖರ್ಚು ಮಾಡುತ್ತವೆ ಎಂದು ಯಾರನ್ನಾದರೂ ಕೇಳಿ ನೋಡಿ. ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿ, ವಿಶ್ವಕಪ್ ನೋಡಲು ನೆಂಟರಿಷ್ಟರು ಸೇರಿದ ಮನೆಯಲ್ಲಿ ಕೇಳಿ, ಉತ್ತರ ಹೆಚ್ಚುಕಡಿಮೆ ಒಂದೇ. ಹೆಂಗಸರ ಆಟ ನೋಡಲು ಜನ ಬರುವುದಿಲ್ಲ, ಜನ ಬರದಿದ್ದರೆ ಟಿಕೆಟ್ ಹಣವಿಲ್ಲ, ಟಿಕೆಟ್ ಹಣವಿಲ್ಲದೆ ಕ್ಲಬ್‌ನವರಾದರೂ ಎಲ್ಲಿಂದ ತಂದು ಸುರಿಯಬೇಕು? ಕೇಳಲು ಲೆಕ್ಕ ಸರಿಯಾಗಿಯೇ ಕಾಣುತ್ತದೆ. ನಾನೂ ದಿನವಿಡೀ ಸ್ಪ್ರೆಡ್‌ಶೀಟ್ ನೋಡುವವಳೇ ಆದ್ದರಿಂದ ಆದಾಯ ಮತ್ತು ಖರ್ಚಿನ ಇಂಥ ವಾದ ಎದುರಾದರೆ ತಕ್ಷಣ ತಲೆಯಾಡಿಸಿಬಿಡುವ ಅಭ್ಯಾಸವಿದೆ.

ಆದರೆ ಯಾವ ಲೆಕ್ಕವನ್ನೇ ಆಗಲಿ, ಮೊದಲ ಸಾಲಿನಿಂದ ಓದಬೇಕು. ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್‌ನ ಲೆಕ್ಕ ಶುರುವಾಗುವುದು ಸುಮಾರು ನೂರು ವರ್ಷದ ಹಿಂದೆ. ಆಗ ಜನ ಬಂದಿದ್ದರು, ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದಿದ್ದರು. ಹಣವೂ ಬಂದಿತ್ತು. ಆಮೇಲೆ ಅದೆಲ್ಲ ಎಲ್ಲಿಗೆ ಹೋಯಿತು ಎಂದು ತಿಳಿಯಬೇಕಾದರೆ ಲಿಲಿ ಪಾರ್ ಎಂಬಾಕೆಯ ಬದುಕನ್ನು ತಿಳಿಯಬೇಕು. ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಆಕೆಯ ಕಥೆಯನ್ನು ಆರಿಸಿಕೊಂಡದ್ದು ಅದಕ್ಕೇ.

ಗಾಜಿನ ಊರಿನ ಹುಡುಗಿ

ಲಿಲಿ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ. ಗಾಜಿನ ಕಾರ್ಖಾನೆಗಳಿಗೆ ಮತ್ತು ಕಲ್ಲಿದ್ದಲ ಗಣಿಗಳಿಗೆ ಹೆಸರಾದ ಊರು ಅದು. ತಂದೆ ಗಾಜಿನ ಕಾರ್ಖಾನೆಯ ಕೂಲಿ. ಮನೆಯಲ್ಲಿ ಏಳು ಮಕ್ಕಳು. ಹೊಲಿಗೆ, ಅಡುಗೆ ಎಂದು ಮನೆಯೊಳಗೆ ಕೂರುವ ಸ್ವಭಾವ ಈ ಹುಡುಗಿಗೆ ಇರಲಿಲ್ಲ. ಅಣ್ಣತಮ್ಮಂದಿರ ಜೊತೆ ಬಯಲಿಗೆ ಹೋಗಿ ಫುಟ್‌ಬಾಲ್, ರಗ್ಬಿ ಎರಡನ್ನೂ ಕಲಿತಳು. ಎಡಗಾಲಿನ ಒದೆತ ಚಿಕ್ಕಂದಿನಲ್ಲೇ ಹೆಸರು ಮಾಡಿತು. ಎತ್ತರದ, ಕಪ್ಪು ಕೂದಲಿನ, ಗಟ್ಟಿ ಮೈಕಟ್ಟಿನ ಹುಡುಗಿ ಊರಿನ ಹೆಂಗಸರ ತಂಡ ಸೇಂಟ್ ಹೆಲೆನ್ಸ್ ಲೇಡೀಸ್ ಸೇರಿದಾಗ ಇನ್ನೂ ಹದಿನಾಲ್ಕರ ಆಸುಪಾಸು.

ಅಷ್ಟು ಸಣ್ಣ ಊರಿನಲ್ಲಿ ಹೆಂಗಸರ ಫುಟ್‌ಬಾಲ್ ತಂಡ ಎಲ್ಲಿಂದ ಬಂತು ಎಂಬ ಪ್ರಶ್ನೆ ನನಗೂ ಬಂದಿತ್ತು. ಅದಕ್ಕೆ ಕಾರಣ ಮೊದಲ ಮಹಾಯುದ್ಧ. ಗಂಡಸರು ರಣರಂಗಕ್ಕೆ ಹೋದ ಮೇಲೆ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಲಕ್ಷಗಟ್ಟಲೆ ಯುವತಿಯರು ಫಿರಂಗಿ ಗುಂಡು, ಮದ್ದು ತಯಾರಿಸುವ ಅಪಾಯದ ಕೆಲಸಕ್ಕೆ ನಿಂತರು. ಊಟದ ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡು ಒದೆಯುವುದು ಶುರುವಾಯಿತು. ಹಾಗೆ ಹುಟ್ಟಿದ ತಂಡಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪ್ರೆಸ್ಟನ್ ಊರಿನ ಡಿಕ್ ಕೆರ್ ಲೇಡೀಸ್.

ಡಿಕ್ ಕೆರ್ ಎಂಬುದು ಟ್ರಾಮ್ ಮತ್ತು ರೈಲು ಎಂಜಿನ್ ತಯಾರಿಸುತ್ತಿದ್ದ ಕಂಪನಿ. ಯುದ್ಧಕಾಲದಲ್ಲಿ ಅಲ್ಲಿ ಮದ್ದುಗುಂಡು ತಯಾರಾಗುತ್ತಿತ್ತು. ಮುಂದೆ ಇದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಭಾಗವಾಯಿತು. ಚೆನ್ನೈ ಬಳಿಯ ಪಲ್ಲಾವರದಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಾರ್ಖಾನೆ ನೋಡಿದ ಹಿರಿಯರು ನಮ್ಮ ನಡುವೆ ಇದ್ದರೆ, ಅದೇ ಬಳಗದ ಹಳೆಯ ಮನೆ ಇದು ಎಂದುಕೊಳ್ಳಬಹುದು. 1917ರ ಕ್ರಿಸ್‌ಮಸ್ ದಿನ ಈ ಕಾರ್ಖಾನೆಯ ಹೆಂಗಸರು ಮತ್ತೊಂದು ಕಾರ್ಖಾನೆಯ ಹೆಂಗಸರ ವಿರುದ್ಧ ಪ್ರೆಸ್ಟನ್‌ನ ದೊಡ್ಡ ಮೈದಾನವಾದ ಡೀಪ್‌ಡೇಲ್‌ನಲ್ಲಿ ಆಡಿದರು. ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸುವುದು ಉದ್ದೇಶ. ಹತ್ತು ಸಾವಿರ ಜನ ಬಂದರು. ಡಿಕ್ ಕೆರ್ 4-0ರಿಂದ ಗೆದ್ದಿತು, ಆಸ್ಪತ್ರೆಗೆ ಸುಮಾರು 200 ಪೌಂಡ್ ಸಿಕ್ಕಿತು.

ಆ ಮೈದಾನ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ಪುರುಷರ ವೃತ್ತಿಪರ ಕ್ಲಬ್‌ನದು. ಯುದ್ಧದಿಂದಾಗಿ ಪುರುಷರ ಲೀಗ್ 1915ರಿಂದ ನಿಂತುಹೋಗಿತ್ತು, ಮೈದಾನಗಳು ಖಾಲಿ ಬಿದ್ದಿದ್ದವು. ಹೆಂಗಸರು ಬಾಡಿಗೆ ಕೊಟ್ಟು ಆಡಿದರು. ಅಂದರೆ ಕ್ಲಬ್‌ಗೂ ಇದರಿಂದ ಆದಾಯವಿತ್ತು, ಯಾರೂ ಯಾರಿಗೂ ದಾನ ಮಾಡುತ್ತಿರಲಿಲ್ಲ.

ಹತ್ತು ಶಿಲಿಂಗ್

ಡಿಕ್ ಕೆರ್ ತಂಡವನ್ನು ನಡೆಸುತ್ತಿದ್ದವನು ಅದೇ ಕಾರ್ಖಾನೆಯ ಕಚೇರಿಯಲ್ಲಿದ್ದ ಆಲ್ಫ್ರೆಡ್ ಫ್ರಾಂಕ್‌ಲ್ಯಾಂಡ್. ಒಳ್ಳೆಯ ಆಟಗಾರ್ತಿಯನ್ನು ಕಂಡರೆ ಬಿಡುವವನಲ್ಲ. ಸೇಂಟ್ ಹೆಲೆನ್ಸ್ ತಂಡದ ವಿರುದ್ಧ ಆಡುವಾಗ ಲಿಲಿ ಅವನ ಕಣ್ಣಿಗೆ ಬಿದ್ದಳು. ಪ್ರೆಸ್ಟನ್‌ಗೆ ಬಂದರೆ ಕಾರ್ಖಾನೆಯಲ್ಲಿ ಕೆಲಸ, ಪಂದ್ಯವೊಂದಕ್ಕೆ ಹತ್ತು ಶಿಲಿಂಗ್ ಭತ್ಯೆ ಎಂದು ಮಾತಾಯಿತು. ಇಪ್ಪತ್ತು ಶಿಲಿಂಗ್ ಸೇರಿದರೆ ಆಗಿನ ಒಂದು ಪೌಂಡ್. ಜೊತೆಗೆ ವುಡ್‌ಬೈನ್ ಸಿಗರೇಟು ಪೊಟ್ಟಣವೂ ಬೇಕೆಂದು ಲಿಲಿ ಹಟ ಹಿಡಿದಳು ಎಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಸಹ ಆಟಗಾರ್ತಿ ಆಲಿಸ್ ನಾರಿಸ್‌ಳ ಮನೆಯಲ್ಲಿ ಅವಳ ವಾಸ.

ಎಡಪಕ್ಕದಲ್ಲಿ ಆಡುತ್ತಿದ್ದ ಲಿಲಿ ಮೊದಲ ಹಂಗಾಮಿನಲ್ಲೇ 43 ಗೋಲು ಹೊಡೆದಳೆಂದು ಹೇಳುತ್ತಾರೆ. ಆಗಿನ ಚೆಂಡು ಅಪ್ಪಟ ಚರ್ಮದ್ದು, ಮಳೆಯಲ್ಲಿ ನೆನೆದರೆ ಕಲ್ಲಿನಂತೆ ಭಾರ. ಅಂಥ ಚೆಂಡನ್ನು ಅವಳು ಮೈದಾನದ ಈ ಬದಿಯಿಂದ ಆ ಬದಿಗೆ ಎತ್ತಿ ಹಾಕುತ್ತಿದ್ದಳು. ಹೆಂಗಸಿನ ಒದೆತ ತನ್ನನ್ನು ದಾಟುವುದುಂಟೇ ಎಂದು ಪಣ ಕಟ್ಟಿದ ಪುರುಷ ಗೋಲ್‌ಕೀಪರ್ ಒಬ್ಬನ ಕೈ ಮುರಿದ ಕಥೆಯನ್ನು ತಂಡದವರು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರಂತೆ. ಆಟದಲ್ಲಿ ಬಿರುಸು, ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ತಮಾಷೆ. ಜೊತೆಗಾರರು ನೆನೆದ ಲಿಲಿ ಅಂಥವಳು.

1920ರಲ್ಲಿ ಫ್ರಾನ್ಸಿನಿಂದ ಆಲಿಸ್ ಮಿಲಿಯಾ ಎಂಬಾಕೆಯ ನೇತೃತ್ವದಲ್ಲಿ ಮಹಿಳಾ ತಂಡವೊಂದು ಇಂಗ್ಲೆಂಡಿಗೆ ಬಂತು. ಮುಂದೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ಪರ್ಧೆಗಳಿಗಾಗಿ ಹೋರಾಡಿದ ಮಿಲಿಯಾ ಈಕೆಯೇ. ಡೀಪ್‌ಡೇಲ್‌ನಲ್ಲಿ ನಡೆದ ಮೊದಲ ಪಂದ್ಯಕ್ಕೆ 25,000 ಜನ ಸೇರಿದರು. ಆ ಶರತ್ಕಾಲದಲ್ಲಿ ಡಿಕ್ ಕೆರ್ ತಂಡ ಫ್ರಾನ್ಸಿಗೆ ಹೋಗಿ ಪ್ಯಾರಿಸ್, ರುಬೇ, ಲ ಹಾವ್ರ್, ರೂಆನ್ ಊರುಗಳಲ್ಲಿ ಆಡಿ ಬಂತು. ಗಾಜಿನ ಕಾರ್ಖಾನೆಯ ಕೂಲಿಯವನ ಮಗಳು ಹದಿನೈದನೇ ವಯಸ್ಸಿಗೆ ಸಮುದ್ರ ದಾಟಿ ಪ್ಯಾರಿಸ್‌ನಲ್ಲಿ ಆಡಿದಳು. ಅದೇ ಡಿಸೆಂಬರಿನಲ್ಲಿ ಡೀಪ್‌ಡೇಲ್‌ನಲ್ಲಿ ರಾತ್ರಿ ಪಂದ್ಯವೂ ನಡೆಯಿತು. ಯುದ್ಧಖಾತೆಯ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಒಪ್ಪಿಗೆ ಕೊಟ್ಟ ಮೇಲೆ ಶತ್ರುವಿಮಾನ ಹುಡುಕುವ ಎರಡು ಸರ್ಚ್‌ಲೈಟ್‌ಗಳನ್ನು ತಂದು ನಿಲ್ಲಿಸಿದರು. ಚೆಂಡು ಕಾಣಿಸಲೆಂದು ಅದಕ್ಕೆ ಸುಣ್ಣ ಬಳಿದಿದ್ದರು.

ಐವತ್ತಮೂರು ಸಾವಿರ ಜನ

1920ರ ಡಿಸೆಂಬರ್ 26. ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್, ಎವರ್ಟನ್ ಕ್ಲಬ್‌ನ ಮೈದಾನ. ಡಿಕ್ ಕೆರ್ ಮತ್ತು ಲಿಲಿಯ ತವರಿನ ಸೇಂಟ್ ಹೆಲೆನ್ಸ್ ತಂಡಗಳ ನಡುವೆ ಪಂದ್ಯ. ಒಳಗೆ 53,000 ಪ್ರೇಕ್ಷಕರು. ಜಾಗ ಸಾಲದೆ ಹೊರಗೆ ಉಳಿದವರು ಇನ್ನೂ ಹತ್ತು ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಕಿಕ್ಕಿರಿದು ತುಂಬಿದರೂ ಅಷ್ಟು ಜನ ಹಿಡಿಸುವುದಿಲ್ಲ. ಮುಖ್ಯ ಆಟಗಾರ್ತಿ ಫ್ಲಾರಿ ರೆಡ್‌ಫರ್ಡ್ ರೈಲು ತಪ್ಪಿಸಿಕೊಂಡಿದ್ದರಿಂದ ನಾಯಕಿ ಆಲಿಸ್ ಕೆಲ್ ಮುಂಚೂಣಿಗೆ ಬಂದು ಮೂರು ಗೋಲು ಹೊಡೆದಳು. ಡಿಕ್ ಕೆರ್ 4-0ರಿಂದ ಗೆದ್ದಿತು. ಅಂದು ಕೂಡಿದ ಹಣ 3,115 ಪೌಂಡ್, ಕೆಲಸವಿಲ್ಲದ ಮಾಜಿ ಸೈನಿಕರ ನೆರವಿಗೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. 3,115 ಪೌಂಡನ್ನು 53,000 ಜನರಿಗೆ ಹಂಚಿದರೆ ತಲೆಗೆ ಒಂದು ಶಿಲಿಂಗ್‌ಗಿಂತ ತುಸು ಹೆಚ್ಚು. ಅಂದರೆ ಒಬ್ಬಿಬ್ಬರು ಸಿರಿವಂತರು ಕೊಟ್ಟ ದೇಣಿಗೆ ಅಲ್ಲ ಇದು, ದುಡಿಯುವ ಜನ ತಮ್ಮ ಜೇಬಿನಿಂದ ತೆಗೆದು ಕೊಟ್ಟ ಹಣ. ಎರಡೂ ತಂಡದ 22 ಮಂದಿಗೆ ತಲಾ ಹತ್ತು ಶಿಲಿಂಗ್ ಕೊಟ್ಟರು ಎಂದಿಟ್ಟುಕೊಂಡರೂ ಆಗುವುದು 11 ಪೌಂಡ್. ಬಂದ ಹಣದಲ್ಲಿ ಅದು ನೂರಕ್ಕೆ ಅರ್ಧ ಪಾಲೂ ಆಗುವುದಿಲ್ಲ. ರೈಲಿನ ಖರ್ಚು, ಊಟ, ಮೈದಾನದ ಖರ್ಚು ಬೇರೆ, ಒಪ್ಪೋಣ. ಈ ಅಂಕಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1921ರಲ್ಲಿ ಡಿಕ್ ಕೆರ್ ತಂಡ ಆಡಿದ ಪಂದ್ಯ ಸುಮಾರು 67, ನೋಡಿದವರು ಒಟ್ಟು ಸುಮಾರು 9 ಲಕ್ಷ. ವಾರವಿಡೀ ಕಾರ್ಖಾನೆಯಲ್ಲಿ ದುಡಿದು, ರೈಲು ಹತ್ತಿ ಬೇರೆ ಊರಿಗೆ ಹೋಗಿ ಆಡಿ, ಮತ್ತೆ ಬೆಳಿಗ್ಗೆ ಯಂತ್ರದ ಮುಂದೆ ನಿಲ್ಲುತ್ತಿದ್ದ ಹುಡುಗಿಯರು ಇವರು. ಲಿಲಿ ಆ 67 ಪಂದ್ಯಗಳನ್ನೂ ಆಡಿದ್ದರೂ ವರ್ಷಕ್ಕೆ ಸಿಕ್ಕಿರಬಹುದಾದದ್ದು ಮೂವತ್ತಮೂರೂವರೆ ಪೌಂಡ್. ಅದೇ ಕಾಲದಲ್ಲಿ ಲೀಗ್‌ನ ಪುರುಷ ಆಟಗಾರನಿಗೆ ನಿಯಮದಂತೆ ಕೊಡಬಹುದಾಗಿದ್ದ ಗರಿಷ್ಠ ಸಂಬಳ ವಾರಕ್ಕೆ 9 ಪೌಂಡ್. ಅವಳ ವರ್ಷದ ಭತ್ಯೆ ಅವನ ನಾಲ್ಕು ವಾರದ ಸಂಬಳವನ್ನೂ ಮುಟ್ಟುತ್ತಿರಲಿಲ್ಲ.

1921ರ ಡಿಸೆಂಬರ್ 5

ಆ ದಿನ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್.ಎ., ಸಭೆ ಸೇರಿ ನಿರ್ಣಯವೊಂದನ್ನು ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ, ಇದಕ್ಕೆ ಉತ್ತೇಜನ ಕೊಡಬಾರದು ಎನ್ನುವುದು ನಿರ್ಣಯದ ಮೊದಲ ಭಾಗ. ಹೆಂಗಸರ ಮೈಗೆ ಈ ಆಟ ಹಾನಿಕರ ಎಂದು ಹೇಳುವ ವೈದ್ಯರೂ ಆಗ ಸಿಕ್ಕಿದ್ದರು. ಎರಡನೆಯ ಭಾಗ ಹಣದ್ದು. ಪಂದ್ಯಗಳಿಂದ ಬಂದ ಹಣದಲ್ಲಿ ಅತಿಯಾದ ಪಾಲು ಖರ್ಚಿಗೆ ಹೋಗುತ್ತಿದೆ, ಧರ್ಮಕಾರ್ಯಕ್ಕೆ ಸಾಕಷ್ಟು ಸೇರುತ್ತಿಲ್ಲ ಎಂಬ ದೂರುಗಳಿವೆ ಎಂದು ಅದು ಹೇಳಿತು. ಆದ್ದರಿಂದ ಅಸೋಸಿಯೇಷನ್‌ಗೆ ಸೇರಿದ ಯಾವ ಕ್ಲಬ್ಬೂ ಹೆಂಗಸರ ಪಂದ್ಯಕ್ಕೆ ತನ್ನ ಮೈದಾನ ಕೊಡಬಾರದು.

ಇದನ್ನು ಮೊದಲ ಬಾರಿ ಓದಿದಾಗ ಜಾಣತನದ ನಿರ್ಣಯ ಅನ್ನಿಸಿತು. ಹೆಂಗಸರು ಆಡಬಾರದು ಎಂದು ಕಾನೂನು ಮಾಡಲು ಎಫ್.ಎ.ಗೆ ಅಧಿಕಾರವಿರಲಿಲ್ಲ. ಅದರ ಕೈಯಲ್ಲಿದ್ದದ್ದು ಮೈದಾನದ ಬೀಗ. ಗೋಡೆ, ಗೇಟು, ಟಿಕೆಟ್ ಕಿಟಕಿ, ಮೆಟ್ಟಿಲು ಸಾಲುಗಳು ಇರುವ ಜಾಗಗಳೆಲ್ಲ ಕ್ಲಬ್‌ಗಳವು. ಆ ಗೇಟು ಮುಚ್ಚಿದರೆ ಐವತ್ತು ಸಾವಿರ ಜನ ನಿಲ್ಲುವ ಜಾಗವೂ ಇಲ್ಲ, ಅವರಿಂದ ಹಣ ತೆಗೆದುಕೊಳ್ಳುವ ಕಿಟಕಿಯೂ ಇಲ್ಲ.

ಖರ್ಚಿನ ಆರೋಪವನ್ನೂ ನೋಡೋಣ. ಎಲ್ಲ ತಂಡಗಳ ಎಲ್ಲ ಲೆಕ್ಕವೂ ಕನ್ನಡಿಯಷ್ಟು ಸ್ವಚ್ಛವಾಗಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ಸಹಾಯಾರ್ಥ ಕಾರ್ಯಕ್ರಮ ನಡೆಸಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಸಭಾಂಗಣದ ಬಾಡಿಗೆ, ಮೈಕ್, ಕಾಫಿ ತಿಂಡಿ, ಕಲಾವಿದರ ಓಡಾಟದ ಖರ್ಚು ಕೊಟ್ಟ ಮೇಲಷ್ಟೇ ಉಳಿದದ್ದು ದೇಣಿಗೆಗೆ ಹೋಗುತ್ತದೆ. ಆಗಿನ ನಾಯಕಿ ಆಲಿಸ್ ಕೆಲ್ ಕೂಡ ಇದನ್ನೇ ಹೇಳಿದ್ದಳು. ತಾವು ಆಡುವುದು ಆಟದ ಮೇಲಿನ ಪ್ರೀತಿಗೆ, ಆದರೆ ಪಂದ್ಯಕ್ಕಾಗಿ ಕೆಲಸ ಬಿಟ್ಟು ಹೋದ ದಿನದ ಕೂಲಿಯನ್ನೂ ಕಳೆದುಕೊಳ್ಳಿ ಎಂದು ದುಡಿಯುವ ಹುಡುಗಿಯರನ್ನು ಕೇಳುವುದು ನ್ಯಾಯವಲ್ಲ, ಹತ್ತು ಶಿಲಿಂಗ್ ಆ ನಷ್ಟಕ್ಕೆ ಪರಿಹಾರ ಎಂಬುದು ಅವಳ ವಾದ. ಪುರುಷ ಆಟಗಾರರಿಗೆ ಕ್ಲಬ್‌ಗಳು ಬಹಿರಂಗವಾಗಿ ವಾರದ ಸಂಬಳ ಕೊಡುತ್ತಿದ್ದ ಕಾಲ ಅದು. ಅವರ ಗೇಟ್ ಹಣ ಧರ್ಮಕಾರ್ಯಕ್ಕೆ ಎಷ್ಟು ಹೋಯಿತು ಎಂದು ಯಾರೂ ಕೇಳಲಿಲ್ಲ. ಹೆಂಗಸರ ಆಟ ಮಾತ್ರ ಪರೋಪಕಾರವಾಗಿರಬೇಕು, ಪರೋಪಕಾರದಲ್ಲಿ ಹತ್ತು ಶಿಲಿಂಗ್ ಕೈಗೆ ಹತ್ತಿದರೂ ಅದು ಅಪರಾಧ.

ನಿಷೇಧದ ಹಿಂದೆ ಬೇರೆ ಕಾರಣಗಳೂ ಇದ್ದವೆಂದು ಇತಿಹಾಸಕಾರರು ಹೇಳುತ್ತಾರೆ. ಪುರುಷರ ಲೀಗ್ ಆಗಷ್ಟೇ ವಿಸ್ತಾರಗೊಂಡಿತ್ತು. 1920ರಲ್ಲಿ ಮೂರನೇ ಡಿವಿಷನ್, 1921ರಲ್ಲಿ ಅದರ ಉತ್ತರ ವಿಭಾಗ ಹುಟ್ಟಿಕೊಂಡವು. ಹೊಸ ಕ್ಲಬ್‌ಗಳಿಗೆಲ್ಲ ಪ್ರೇಕ್ಷಕರು ಬೇಕಾಗಿದ್ದರು. ಇನ್ನೊಂದು ಸಂಗತಿ, 1921ರಲ್ಲಿ ಗಣಿ ಮಾಲೀಕರು ಕೂಲಿ ಇಳಿಸಿ, ಒಪ್ಪದ ಕಾರ್ಮಿಕರನ್ನು ಹೊರಗಿಟ್ಟಾಗ ಹೆಂಗಸರ ತಂಡಗಳು ಗಣಿ ಕಾರ್ಮಿಕರ ಮನೆಮಂದಿಗೆಂದು ಪಂದ್ಯ ಆಡಿ ಹಣ ಕೂಡಿಸಿದವು. ಗಾಯಾಳು ಸೈನಿಕರಿಗೆ ಹಣ ಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮುಷ್ಕರದ ಮನೆಗಳಿಗೆ ಹೋದಾಗ ಅಧಿಕಾರಸ್ಥರಿಗೆ ಅಷ್ಟು ಹಿತವೆನಿಸಲಿಲ್ಲ.

ಮೈದಾನವಿಲ್ಲದ ಮೂವತ್ತು ವರ್ಷ

ನಿಷೇಧ ಬಂದಾಗ ಲಿಲಿಗೆ ಹದಿನಾರು ವರ್ಷ. ಆಕೆಯ ಆಟದ ಬದುಕಿನ ಬಹುಪಾಲು ಇನ್ನೂ ಮುಂದಿತ್ತು, ಎಲ್ಲವೂ ನಿಷೇಧದ ನೆರಳಿನಲ್ಲೇ ಕಳೆಯಿತು.

1922ರಲ್ಲಿ ತಂಡ ಹಡಗು ಹತ್ತಿ ಕೆನಡಾಕ್ಕೆ ಹೊರಟಿತು. ಅಲ್ಲಿಯ ಫುಟ್‌ಬಾಲ್ ಸಂಸ್ಥೆಯೂ ಹೆಂಗಸರಿಗೆ ಆಡಲು ಬಿಡಲಿಲ್ಲ. ಅಮೆರಿಕಕ್ಕೆ ಹೋದರೆ ಎದುರಿಗೆ ಬಂದವು ಪುರುಷರ ತಂಡಗಳು. ಒಂಬತ್ತು ಪಂದ್ಯ ಆಡಿದರು. ಮೂರು ಗೆಲುವು, ಮೂರು ಸಮ, ಮೂರು ಸೋಲು. ಊರಲ್ಲಿ ಈ ಆಟ ತಮ್ಮ ಮೈಗೆ ಆಗದು ಎಂದು ತೀರ್ಪು ಕೊಡಿಸಿಕೊಂಡು ಬಂದ ಹೆಂಗಸರು ಇವರೇ.

ವಾಪಸು ಬಂದ ಮೇಲೆ ರಗ್ಬಿ ಮೈದಾನ, ಸಾರ್ವಜನಿಕ ಉದ್ಯಾನ, ಸಿಕ್ಕ ಬಯಲು, ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಆಡಿದರು. ಒಂದೊಂದು ಪಂದ್ಯಕ್ಕೆ ಸಾವಿರಗಟ್ಟಲೆ ಜನ ಬಂದದ್ದೂ ಉಂಟು. ಆದರೆ ಗುಡಿಸನ್ ಪಾರ್ಕಿನಂಥ ದಿನ ಮತ್ತೆ ಬರಲಿಲ್ಲ. ತಂಡಗಳು ಒಂದೊಂದಾಗಿ ಮುಚ್ಚಿದವು. ಹೊಸ ಹುಡುಗಿಯರಿಗೆ ದೊಡ್ಡ ಮೈದಾನದಲ್ಲಿ ಆಡುವ ಅಕ್ಕಂದಿರನ್ನು ನೋಡುವ ಅವಕಾಶವೇ ಇಲ್ಲವಾಯಿತು. ನಿಷೇಧ ಬರೀ ಕಾಗದದ್ದೂ ಆಗಿರಲಿಲ್ಲ. 1947ರಲ್ಲಿ, ಅಂದರೆ ಇಪ್ಪತ್ತಾರು ವರ್ಷದ ಮೇಲೂ, ಮಹಿಳಾ ತಂಡವೊಂದರ ಕೆಲಸ ಮಾಡಿದ ತಪ್ಪಿಗೆ ಕೆಂಟ್ ಜಿಲ್ಲೆಯ ಫುಟ್‌ಬಾಲ್ ಸಂಸ್ಥೆ ರೆಫರಿಯೊಬ್ಬನನ್ನು ಅಮಾನತು ಮಾಡಿತ್ತು.

1926ರಲ್ಲಿ ಕಾರ್ಖಾನೆಯೂ ಕೈಬಿಟ್ಟಿತು. ಫ್ರಾಂಕ್‌ಲ್ಯಾಂಡ್‌ಗೂ ಇಂಗ್ಲಿಷ್ ಎಲೆಕ್ಟ್ರಿಕ್ ಆಡಳಿತಕ್ಕೂ ಮನಸ್ತಾಪವಾಗಿ ತಂಡದ ಹೆಸರು ಪ್ರೆಸ್ಟನ್ ಲೇಡೀಸ್ ಎಂದಾಯಿತು. ಕಾರ್ಖಾನೆಯ ಕೆಲಸ ಬಿಟ್ಟ ಲಿಲಿ ಪ್ರೆಸ್ಟನ್ ಹತ್ತಿರದ ವಿಟಿಂಗ್‌ಹ್ಯಾಮ್ ಎಂಬ ದೊಡ್ಡ ಮಾನಸಿಕ ಆಸ್ಪತ್ರೆ ಸೇರಿ ನರ್ಸ್ ತರಬೇತಿ ಪಡೆದಳು. ತಂಡದ ಇನ್ನೂ ಕೆಲವರು ಅಲ್ಲೇ ಕೆಲಸ ಕಂಡುಕೊಂಡರು. ನಿವೃತ್ತಿಯವರೆಗೂ ಲಿಲಿ ಆಸ್ಪತ್ರೆ ಬಿಡಲಿಲ್ಲ. ಅಲ್ಲಿ ಪರಿಚಯವಾದ ಮೇರಿ ಆಕೆಯ ಬಾಳಸಂಗಾತಿಯಾದಳು. ಇಬ್ಬರೂ ಗೂಸ್ನಾ ಎಂಬ ಹಳ್ಳಿಯಲ್ಲಿ ಮನೆ ಕೊಂಡು ಯಾರಿಗೂ ಮುಚ್ಚಿಡದೆ ಒಟ್ಟಿಗೆ ಬದುಕಿದರು. ಆ ಕಾಲಕ್ಕೆ ಅದೂ ಸಣ್ಣ ಧೈರ್ಯವಲ್ಲ.

ಹಗಲುರಾತ್ರಿ ಪಾಳಿಯ ನರ್ಸ್ ಕೆಲಸ, ಬಿಡುವು ಸಿಕ್ಕಾಗ ಆಟ. ಹೀಗೆ ಎರಡನೇ ಮಹಾಯುದ್ಧವೂ ಬಂದು ಹೋಯಿತು. 1946ರಲ್ಲಿ ನಲವತ್ತೊಂದನೇ ವಯಸ್ಸಿನಲ್ಲಿ ಲಿಲಿ ತಂಡದ ನಾಯಕಿಯಾದಳು. 1951ರಲ್ಲಿ ಆಟದಿಂದ ನಿವೃತ್ತಿ. ಮೂರು ದಶಕದಲ್ಲಿ ಆಕೆ ಹೊಡೆದ ಗೋಲು ಸಾವಿರದ ಹತ್ತಿರ ಎಂದು ಅಂದಾಜು. ತಂಡ 1965ರವರೆಗೆ ಬಾಳಿತು. ಅದರ ಒಟ್ಟು ದಾಖಲೆ 828 ಪಂದ್ಯ, 758 ಗೆಲುವು, 46 ಸಮ, 24 ಸೋಲು. ಧರ್ಮಕಾರ್ಯಗಳಿಗೆ ಕೂಡಿಸಿಕೊಟ್ಟದ್ದು 1,80,000 ಪೌಂಡ್‌ಗೂ ಮಿಗಿಲು. ಹಣವೆಲ್ಲ ಖರ್ಚಿಗೆ ಹೋಗುತ್ತಿದೆ ಎಂಬ ಆರೋಪ ಹೊತ್ತ ತಂಡದ ಲೆಕ್ಕ ಇದು.

ತಡವಾಗಿ ಬಂದ ಮಾನ

1967ರಲ್ಲಿ ಲಿಲಿಗೆ ಸ್ತನ ಕ್ಯಾನ್ಸರ್ ಎಂದು ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕವೂ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಎಫ್.ಎ. ತನ್ನ ನಿಷೇಧವನ್ನು ತೆಗೆದದ್ದು 1970ರ ದಶಕದ ಆರಂಭದಲ್ಲಿ, ಸುಮಾರು ಐವತ್ತು ವರ್ಷದ ನಂತರ. ಅದನ್ನು ನೋಡುವಷ್ಟು ಕಾಲ ಲಿಲಿ ಇದ್ದಳು ಎಂಬುದೇ ಸಮಾಧಾನ. 1978ರ ಮೇ 24ರಂದು ಗೂಸ್ನಾದ ಮನೆಯಲ್ಲಿ, ಎಪ್ಪತ್ತಮೂರನೇ ವಯಸ್ಸಿನಲ್ಲಿ ತೀರಿಕೊಂಡಳು. ಮಣ್ಣಾದದ್ದು ಹುಟ್ಟಿದೂರು ಸೇಂಟ್ ಹೆಲೆನ್ಸ್‌ನಲ್ಲಿ.

2002ರಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಮಹಿಳೆ ಲಿಲಿ. 2008ರಲ್ಲಿ ಎಫ್.ಎ. ಹಳೆಯ ನಿಷೇಧಕ್ಕಾಗಿ ಕ್ಷಮೆ ಕೇಳಿತು. 2019ರಲ್ಲಿ ಮ್ಯಾಂಚೆಸ್ಟರಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯದಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿತು. ಬ್ರಿಟನ್ನಿನಲ್ಲಿ ಮಹಿಳಾ ಫುಟ್‌ಬಾಲ್ ಆಟಗಾರ್ತಿಯೊಬ್ಬಳಿಗೆ ನಿಂತ ಮೊದಲ ಪ್ರತಿಮೆ ಅದು.

ಈಗ ಲೆಕ್ಕಕ್ಕೆ ಮರಳೋಣ

ಇಂದು ಯಾವುದೇ ಕ್ಲಬ್‌ನ ಆಡಳಿತ ಮಂಡಳಿಯ ಮುಂದೆ ಪುರುಷ ಮತ್ತು ಮಹಿಳಾ ತಂಡಗಳ ಆದಾಯದ ಪಟ್ಟಿ ಇಟ್ಟರೆ ಅಂತರ ಬೆಟ್ಟದಷ್ಟಿರುತ್ತದೆ. ಆ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಸಾಲು ಇಲ್ಲ. ಐವತ್ತು ವರ್ಷ ಒಬ್ಬರಿಗೆ ಮೈದಾನ, ಟಿಕೆಟ್ ಕಿಟಕಿ, ಪತ್ರಿಕೆ, ರೇಡಿಯೋ, ಟಿ.ವಿ. ಎಲ್ಲ ಸಿಕ್ಕವು, ಇನ್ನೊಬ್ಬರಿಗೆ ಬಯಲೂ ಸರಿಯಾಗಿ ಸಿಗಲಿಲ್ಲ ಎಂಬ ಸಾಲು. ತಾತ ಮೊಮ್ಮಗನನ್ನು ಕೈಹಿಡಿದು ಮೈದಾನಕ್ಕೆ ಕರೆದುಕೊಂಡು ಹೋಗಿ ಹೋಗಿಯೇ ಕ್ಲಬ್‌ಗಳ ಅಭಿಮಾನಿ ಬಳಗ ಬೆಳೆದದ್ದು. ಮಹಿಳಾ ತಂಡಗಳಿಗೆ ಆ ಎರಡು ಮೂರು ತಲೆಮಾರು ಇಲ್ಲವೇ ಇಲ್ಲ. ಬಿತ್ತಲು ಬಿಡದ ಹೊಲದಲ್ಲಿ ಬೆಳೆ ಎಲ್ಲಿ ಎಂದು ಕೇಳಿದ ಹಾಗಾಯಿತು ಇದು.

ಖರ್ಚು ಮಾಡಿದ ಕಡೆ ಏನಾಯಿತು ಎಂಬುದಕ್ಕೆ ಈಗ ಉದಾಹರಣೆಗಳಿವೆ. ಸ್ಪೇನಿನ ಬಾರ್ಸಿಲೋನಾ ಕ್ಲಬ್ ತನ್ನ ಮಹಿಳಾ ತಂಡಕ್ಕೆ ಮುಖ್ಯ ಮೈದಾನವನ್ನೇ ತೆರೆದುಕೊಟ್ಟಾಗ 2022ರ ಏಪ್ರಿಲ್‌ನಲ್ಲಿ 91,648 ಜನ ಬಂದರು. ಲಂಡನ್ನಿನ ಆರ್ಸೆನಲ್ ಮಹಿಳಾ ಪಂದ್ಯಗಳನ್ನು ದೊಡ್ಡ ಮೈದಾನಕ್ಕೆ ತಂದಾಗ 2024ರ ಫೆಬ್ರವರಿಯಲ್ಲಿ 60,160 ಪ್ರೇಕ್ಷಕರು ಸೇರಿದರು. ಲೂಯಿಸ್ ಎಂಬ ಸಣ್ಣ ಕ್ಲಬ್ 2017ರಲ್ಲೇ ಪುರುಷ ಮತ್ತು ಮಹಿಳಾ ತಂಡಗಳಿಗೆ ಸಮಾನ ಬಜೆಟ್ ಎಂದು ಘೋಷಿಸಿತು. ಇನ್ನೊಂದು ಕಡೆ, ಜಗತ್ತಿನ ಸಿರಿವಂತ ಕ್ಲಬ್‌ಗಳಲ್ಲೊಂದಾದ ಮ್ಯಾಂಚೆಸ್ಟರ್ ಯುನೈಟೆಡ್ 2005ರಲ್ಲಿ ಮುಚ್ಚಿದ ಹಿರಿಯ ಮಹಿಳಾ ತಂಡವನ್ನು ಮತ್ತೆ ಕಟ್ಟಿದ್ದು 2018ರಲ್ಲಿ. ಹಣವಿದ್ದರೆ ಸಾಲದು, ಮನಸ್ಸೂ ಬೇಕು.

ನಮಗೆ ಹತ್ತಿರದ ಉದಾಹರಣೆ ಕ್ರಿಕೆಟ್‌ನದು. ಮಹಿಳಾ ಪ್ರೀಮಿಯರ್ ಲೀಗ್‌ಗೆ ಐದು ಫ್ರಾಂಚೈಸಿಗಳು 2023ರಲ್ಲಿ ಒಟ್ಟು 4,669.99 ಕೋಟಿ ರೂಪಾಯಿ ಬಿಡ್ ಮಾಡಿದವು. ಮರುವರ್ಷ ಬೆಂಗಳೂರಿನಲ್ಲಿ ಪಂದ್ಯಗಳು ನಡೆದಾಗ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಹೆಂಗಸರಿಗಾಗಿ ಎದ್ದ ಕೂಗನ್ನು ಟಿ.ವಿ.ಯಲ್ಲಾದರೂ ನೀವೆಲ್ಲ ಕೇಳಿರುತ್ತೀರಿ. ಆರ್‌ಸಿಬಿಯ ಮೊದಲ ಕಪ್ ತಂದುಕೊಟ್ಟವರು 2024ರಲ್ಲಿ ಆ ಹೆಂಗಸರೇ, ಪುರುಷರ ತಂಡ ಗೆದ್ದದ್ದು ಮುಂದಿನ ವರ್ಷ. ಒಳ್ಳೆಯ ಮೈದಾನ, ಪ್ರಸಾರ, ಪ್ರಚಾರ ಕೊಟ್ಟಾಗ ಜನ ಬಂದರು. ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಅಂಥ ಪ್ರಯತ್ನ ಇನ್ನೂ ಅಷ್ಟಾಗಿ ನಡೆದಿಲ್ಲ. ಆದರೂ ಬೆಂಗಳೂರಿನ ಕಿಕ್‌ಸ್ಟಾರ್ಟ್ ಮಹಿಳಾ ತಂಡ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ಆಡಿತು. ಭಾರತದ ಮಹಿಳಾ ತಂಡ 2025ರಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು.

ಹಾಗಾಗಿ ಗೆಳತಿಯರೇ, ಮನೆಯ ಹುಡುಗಿ ಫುಟ್‌ಬಾಲ್ ಶೂ ಬೇಕೆಂದಾಗ, ಅಪಾರ್ಟ್‌ಮೆಂಟಿನ ಮೈದಾನದಲ್ಲಿ ಹುಡುಗರಿಗೆ ಸಂಜೆಯ ಹೊತ್ತು, ಹುಡುಗಿಯರಿಗೆ ಉಳಿದ ಹೊತ್ತು ಎಂದು ಸಮಿತಿ ಹಂಚಿದಾಗ, ನಮ್ಮ ಸಂಘದ ಕ್ರೀಡಾಕೂಟದ ಬಜೆಟ್ ಬರೆಯುವಾಗ, ಹೆಣ್ಣುಮಕ್ಕಳು ಬರುವುದೇ ಕಡಿಮೆ ಎಂಬ ಮಾತು ಬಂದರೆ ಒಂದು ಪ್ರಶ್ನೆ ಕೇಳೋಣ. ಅವರಿಗೆ ಮೈದಾನ ಯಾವ ಹೊತ್ತಿಗೆ, ಎಷ್ಟು ದಿನ ಕೊಟ್ಟಿದ್ದೆವು?

ಕೊನೆಗೆ ಒಂದು ಸುದ್ದಿ. ಎವರ್ಟನ್ ಕ್ಲಬ್‌ನ ಪುರುಷರ ತಂಡ 2025ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೆಯ ಗುಡಿಸನ್ ಪಾರ್ಕನ್ನು ಕೆಡವಿಬಿಡುವ ಬದಲು ಕ್ಲಬ್ ಅದನ್ನು ತನ್ನ ಮಹಿಳಾ ತಂಡಕ್ಕೆ ಕಾಯಂ ಮನೆಯಾಗಿ ಕೊಟ್ಟಿತು. ಆ ವರ್ಷದ ಸೆಪ್ಟೆಂಬರಿನಿಂದ ಹೆಂಗಸರ ಲೀಗ್ ಪಂದ್ಯಗಳು ಅಲ್ಲೇ ನಡೆಯುತ್ತಿವೆ. ಹದಿನೈದರ ಲಿಲಿಯ ತಂಡ 53,000 ಜನರ ಮುಂದೆ ಆಡಿದ, ಮರುವರ್ಷವೇ ಅದೇ ತಂಡಕ್ಕೆ ಬಾಗಿಲು ಮುಚ್ಚಿದ ಮೈದಾನ ಅದು. ಈಗ ಅದರ ಬೀಗದ ಕೈ ಹೆಂಗಸರ ತಂಡದ ಬಳಿ ಇದೆ.